ಒಂದು ವ್ಯಾಟಿನ ಗಡಿ



ನಾಡಿನ ಗಡಿ, ಭಾಷೆಯ ಗಡಿ ಕುರಿತು ಈ ಕಾರ್ಯಕ್ರಮದಲ್ಲಿ ಬಹಳಷ್ಟು ಕೇಳಿದ್ದೀರಿ. ಇಂದು ಬೇರೊಂದು ಗಡಿಯ ವಿಚಾರ. ಅದು ಒಂದು ವ್ಯಾಟ್ ವಿದ್ಯುತ್ತಿನ ಗಡಿ. ನಿಮ್ಮ ಜೇಬಿನ ಮೊಬೈಲಿನಲ್ಲಿ ಲೆಕ್ಕವನ್ನೆಲ್ಲ ಮಾಡುವ ಒಂದು ಪುಟ್ಟ ಚಿಪ್ ಇದೆ. ಪ್ರೊಸೆಸರ್ ಅಂತ ಅದರ ಹೆಸರು. ಕಂಪ್ಯೂಟರ್ ಲೋಕವನ್ನು ಆಳಿದ ಅಮೆರಿಕದ ಇಂಟೆಲ್ ಕಂಪನಿಗೆ ಈ ಜೇಬಿನೊಳಗೆ ಮಾತ್ರ ಜಾಗ ಸಿಗಲಿಲ್ಲ. ಅದು ಯಾಕೆ?

ಇಂಗ್ಲೆಂಡಿನ ಕೇಂಬ್ರಿಡ್ಜಿನಲ್ಲಿ ಏಕಾರ್ನ್ ಎಂಬ ಕಂಪನಿ ಇತ್ತು. ಶಾಲೆಗಳಿಗೆ ಬಿಬಿಸಿ ಮೈಕ್ರೋ ಎಂಬ ಕಂಪ್ಯೂಟರ್ ಮಾಡಿಕೊಟ್ಟು ಹೆಸರು ಪಡೆದಿತ್ತು. 1983ರಲ್ಲಿ ಸ್ವಂತ ಪ್ರೊಸೆಸರ್ ಮಾಡಲು ಹೊರಟಾಗ ಅದರ ಕೈಯಲ್ಲಿ ದೊಡ್ಡ ತಂಡವೂ ಇಲ್ಲ, ಹಣವೂ ಇಲ್ಲ. ಚಿಪ್ಪು ಪಾಲಿಸಬೇಕಾದ ಆಜ್ಞೆಗಳನ್ನು ಸೋಫಿ ವಿಲ್ಸನ್ ಬರೆದರು, ಒಳರಚನೆಯನ್ನು ಸ್ಟೀವ್ ಫರ್ಬರ್ ಮಾಡಿದರು. ಆಜ್ಞೆಗಳು ಕೆಲವೇ, ಅವೂ ಸರಳ. ಬ್ಯಾಂಕಿನ ಮಾತಿನಲ್ಲಿ ಹೇಳುವುದಾದರೆ, ಎಲ್ಲ ವಿದ್ಯೆ ಬಲ್ಲ ಹೆಡ್ ಕ್ಲಾರ್ಕನ ಬದಲು, ವೋಚರ್ ನೋಡಿ ಲೆಡ್ಜರಿಗೆ ಏರಿಸುವುದನ್ನಷ್ಟೇ ಚಕಚಕನೆ ಮಾಡುವ ಹುಡುಗನನ್ನು ಕೂರಿಸಿದಂತೆ.

ಇನ್ನೊಂದು ಉಳಿತಾಯವೂ ಇತ್ತು. ಬಹಳ ಕಾಯುವ ಚಿಪ್ಪಿಗೆ ಪಿಂಗಾಣಿಯ ಕವಚ ಬೇಕು, ಅದು ದುಬಾರಿ. ಅಗ್ಗದ ಪ್ಲಾಸ್ಟಿಕ್ ಸಾಕಾಗಬೇಕಾದರೆ ಒಂದು ವ್ಯಾಟ್ ದಾಟಕೂಡದು. ಎಷ್ಟು ವಿದ್ಯುತ್ ತಗಲುತ್ತದೆಂದು ಮೊದಲೇ ನಿಖರವಾಗಿ ಅಳೆಯುವ ಸಾಧನ ಅವರಲ್ಲಿರಲಿಲ್ಲ. ಆದ್ದರಿಂದ ಎಲ್ಲದರಲ್ಲೂ ಕೈ ಬಿಗಿ ಹಿಡಿದರು. 1985ರ ಏಪ್ರಿಲ್ 26ರಂದು ಮೊದಲ ಚಿಪ್ ಬಂತು. ಫರ್ಬರ್ ಮೀಟರ್ ಹಚ್ಚಿ ನೋಡಿದರೆ ಮುಳ್ಳು ಸೊನ್ನೆಯಲ್ಲೇ ನಿಂತಿದೆ, ಚಿಪ್ ಮಾತ್ರ ಕೆಲಸ ಮಾಡುತ್ತಿದೆ! ಆ ಬೋರ್ಡಿನಲ್ಲಿ ಚಿಪ್ಪಿಗೆ ವಿದ್ಯುತ್ ಸಂಪರ್ಕವನ್ನೇ ಕೊಟ್ಟಿರಲಿಲ್ಲ; ಬೇರೆ ತಂತಿಗಳಿಂದ ಸೋರಿ ಬಂದದ್ದರಲ್ಲೇ ಅದು ನಡೆಯುತ್ತಿತ್ತು. ಲೆಕ್ಕ ಹಾಕಿದಾಗ ಅದಕ್ಕೆ ಬೇಕಾದದ್ದು ಒಂದು ವ್ಯಾಟಿನ ಹತ್ತನೇ ಒಂದು ಪಾಲು. ನಮ್ಮ ಮನೆಗಳಲ್ಲಿ ಉರಿಯುತ್ತಿದ್ದ ಝೀರೋ ಬಲ್ಬು ಹೆಸರಿಗೆ ಝೀರೋ, ಎಳೆಯುತ್ತಿದ್ದದ್ದು ಹದಿನೈದು ವ್ಯಾಟಿನವರೆಗೆ! ಅದೇ 1985ರಲ್ಲಿ ಬಂದ ಇಂಟೆಲ್ಲಿನ 386ರಲ್ಲಿ 2,75,000 ಟ್ರಾನ್ಸಿಸ್ಟರುಗಳಿದ್ದರೆ ಇದರಲ್ಲಿ ಸುಮಾರು 25,000.

ಆಗ ಮೊಬೈಲ್ ಯಾರ ಮನಸ್ಸಿನಲ್ಲೂ ಇರಲಿಲ್ಲ. ಬಡತನಕ್ಕೆ ಮಾಡಿಕೊಂಡ ಏರ್ಪಾಡು ಮುಂದೆ ಬಂಡವಾಳವಾಯಿತು. 1990ರಲ್ಲಿ ಏಕಾರ್ನ್, ಆಪಲ್ ಮತ್ತು ವಿಎಲ್ಎಸ್ಐ ಸೇರಿ ಆರ್ಮ್ ಎಂಬ ಕಂಪನಿ ಕಟ್ಟಿದವು. ಹನ್ನೆರಡು ಜನ ಇಂಜಿನಿಯರರು, ಕಚೇರಿ ಹಳ್ಳಿಯೊಂದರ ಹಳೆಯ ಕಣಜದಲ್ಲಿ. ಚಿಪ್ ತಯಾರಿಸಿ ಮಾರುವ ಗೋಜಿಗೆ ಹೋಗದೆ, ನಕ್ಷೆಯನ್ನು ಪರವಾನಗಿಯ ಮೇಲೆ ಕೊಟ್ಟು ಚಿಪ್ಪೊಂದಕ್ಕೆ ಇಷ್ಟು ಎಂದು ರಾಯಲ್ಟಿ ಪಡೆದರು. ನೋಕಿಯಾ ಫೋನುಗಳ ಮೂಲಕ ಅದು ಲೋಕವೆಲ್ಲ ಹಬ್ಬಿತು.

ಇಂಟೆಲ್ಲಿನ ಕೈಗೂ ಈ ವಿದ್ಯೆ ಬಂದಿತ್ತು ಎಂಬುದು ನನಗೆ ಬಹಳ ಸೋಜಿಗದ ಸಂಗತಿ. ಡಿಜಿಟಲ್ ಎಂಬ ಕಂಪನಿ 1996ರಲ್ಲಿ ಮಾಡಿದ ಸ್ಟ್ರಾಂಗ್ ಆರ್ಮ್ ಚಿಪ್ ಒಂದು ವ್ಯಾಟಿನೊಳಗೇ ಭಾರೀ ವೇಗ ಸಾಧಿಸಿತ್ತು. ಕೋರ್ಟು ವ್ಯಾಜ್ಯವೊಂದರ ರಾಜಿಯಲ್ಲಿ ಅದು ಇಂಟೆಲ್ಲಿಗೆ ಸೇರಿತು. ಎಕ್ಸ್‌ಸ್ಕೇಲ್ ಎಂದು ಹೊಸ ಹೆಸರಿಟ್ಟು ಬೆಳೆಸಿದರು. 2006ರಲ್ಲಿ ಆ ವ್ಯವಹಾರವನ್ನು 60 ಕೋಟಿ ಡಾಲರಿಗೆ ಮಾರ್ವೆಲ್ ಕಂಪನಿಗೆ ಮಾರಿಬಿಟ್ಟರು. ಮರುವರ್ಷವೇ ಐಫೋನ್ ಬಂತು, ಒಳಗೆ ಆರ್ಮ್! ಆಪಲ್ ಹೇಳಿದ ಬೆಲೆ ತಮಗೆ ಗಿಟ್ಟದೆಂದು ಬಿಟ್ಟೆವು, ಆದರೆ ಖರ್ಚಿನ ಅಂದಾಜೂ ಮಾರಾಟದ ಅಂದಾಜೂ ತಪ್ಪಾಗಿತ್ತು ಎಂಬರ್ಥದ ಮಾತನ್ನು ಇಂಟೆಲ್ ಮುಖ್ಯಸ್ಥ ಪಾಲ್ ಒಟೆಲ್ಲಿನಿ 2013ರಲ್ಲಿ ಹೇಳಿದರು.

2008ರಲ್ಲಿ ಇಂಟೆಲ್ ಆಟಂ ಎಂಬ ಕಡಿಮೆ ವಿದ್ಯುತ್ತಿನ ಚಿಪ್ ತಂದಿತು. ಅದನ್ನು ಫೋನಿಗೆ ಒಗ್ಗಿಸಲು ಮತ್ತೆ ನಾಲ್ಕು ವರ್ಷ ಹಿಡಿಯಿತು. ಇಂಟೆಲ್ ಚಿಪ್ಪಿನ ಮೊದಲ ಸ್ಮಾರ್ಟ್‌ಫೋನ್ ಮಾರಾಟಕ್ಕೆ ಬಂದದ್ದು ನಮ್ಮ ಭಾರತದಲ್ಲೇ, 2012ರ ಏಪ್ರಿಲಿನಲ್ಲಿ: ಲಾವಾ ಕಂಪನಿಯ ಝೋಲೋ, ಬೆಲೆ ಸುಮಾರು 22,000 ರೂಪಾಯಿ. ಫೋನು ನಿಧಾನದ್ದೇನೂ ಅಲ್ಲ. ಆದರೆ ಅಷ್ಟರಲ್ಲಿ ಹಲವು ಆ್ಯಪುಗಳು ಆರ್ಮಿನ ಭಾಷೆಯಲ್ಲಿ ಬರೆದಾಗಿದ್ದವು. ಎಷ್ಟೋ ಕಡೆ ದುಭಾಷಿಯೊಬ್ಬನನ್ನು ನಡುವೆ ಇಟ್ಟುಕೊಂಡೇ ಇಂಟೆಲ್ ಕೆಲಸ ನಡೆಸಬೇಕಾಯಿತು. ದುಭಾಷಿ ಇದ್ದಲ್ಲಿ ಕೆಲಸ ಎಷ್ಟು ತಡವಾಗುತ್ತದೆಂದು ಗಡಿಯವರಾದ ನಮಗೆ ಹೇಳಿಕೊಡಬೇಕೆ? ಅತ್ತ ಆರ್ಮ್ 2011ರಲ್ಲೇ ಹೊಸ ಉಪಾಯ ಪ್ರಕಟಿಸಿತ್ತು. ಒಂದೇ ಚಿಪ್ಪಿನಲ್ಲಿ ದೊಡ್ಡ ಮಿದುಳೊಂದು, ಸಣ್ಣದೊಂದು. ಹಗುರ ಕೆಲಸಕ್ಕೆ ಸಣ್ಣದು ಎಚ್ಚರವಿದ್ದರೆ ದೊಡ್ಡದು ಮಲಗಿರುತ್ತದೆ.

2014ರ ಒಂದೇ ವರ್ಷದಲ್ಲಿ ಇಂಟೆಲ್ಲಿನ ಮೊಬೈಲ್ ವಿಭಾಗಕ್ಕೆ 400 ಕೋಟಿ ಡಾಲರಿಗೂ ಮಿಕ್ಕಿ ನಷ್ಟ. ಎಕ್ಸ್‌ಸ್ಕೇಲ್ ಮಾರಿ ಬಂದ 60 ಕೋಟಿಯನ್ನು ಇದರ ಎದುರಿಗೆ ಬರೆದು ನೋಡಿ. 2016ರಲ್ಲಿ ಸ್ಮಾರ್ಟ್‌ಫೋನ್ ಚಿಪ್ಪಿನ ಯೋಜನೆಗಳನ್ನು ಕೈಬಿಟ್ಟರು. ಇಂಟೆಲ್ಲಿನವರಿಗೆ ಬುದ್ಧಿ ಸಾಲದೆ ಹೀಗಾಯಿತೆಂದು ನಾನು ಒಪ್ಪುವುದಿಲ್ಲ. ದೊಡ್ಡ ಲಾಭದ ರುಚಿ ಕಂಡವರಿಗೆ ಕೆಲವು ಡಾಲರಿನ ಚಿಪ್ ಸಪ್ಪೆಯೆನಿಸಿತು, ಅಷ್ಟೇ.

2020ರ ನವೆಂಬರಿನಲ್ಲಿ ಆಪಲ್ ತನ್ನ ಮ್ಯಾಕ್ ಕಂಪ್ಯೂಟರುಗಳಲ್ಲೂ ಇಂಟೆಲ್ ಚಿಪ್ ತೆಗೆದು, ಆರ್ಮ್ ಆಜ್ಞೆಗಳ ಮೇಲೆ ನಡೆಯುವ ತನ್ನದೇ ಎಂ1 ಚಿಪ್ ಹಾಕತೊಡಗಿತು. ಆ ವರ್ಷದ ಮ್ಯಾಕ್‌ಬುಕ್ ಏರ್‌ನಲ್ಲಿ ಚಿಪ್ ತಣಿಸುವ ಫ್ಯಾನನ್ನೇ ಇಟ್ಟಿರಲಿಲ್ಲ.