ಮೂರು ವಿಕ್ರಮ ಸಂವತ್ಸರ, ಮೂವರು ನರಸಿಂಹರು

ಅರಸೀಕೆರೆಯ ಈಶ್ವರ ದೇವಾಲಯವನ್ನು ನೀವು ನೋಡಿರಬಹುದು. ಸುಮಾರು 1220ರಲ್ಲಿ, ಹೊಯ್ಸಳರ ಕಾಲದಲ್ಲಿ ಕಟ್ಟಿದ್ದು. ಆ ಕಾಲದ ಶಾಸನಗಳಲ್ಲಿ ದೇವಾಲಯಗಳಿಗೆ ಬಿಟ್ಟ ಭೂಮಿ, ಹೊನ್ನು, ಸುಂಕಗಳ ವಿವರ ಇರುತ್ತದೆ. ಎಂದರೆ ಅವು ಹಣಕಾಸಿನ ದಾಖಲೆಗಳೂ ಹೌದು. ಬಿ. ಎಲ್. ರೈಸ್ ಅವರು ‘ಎಪಿಗ್ರಾಫಿಯಾ ಕರ್ನಾಟಿಕ’ದ ಹಾಸನ ಜಿಲ್ಲೆಯ ಸಂಪುಟದಲ್ಲಿ (1902) ಇವನ್ನು ತಾಲ್ಲೂಕುವಾರು ಜೋಡಿಸಿ ಕ್ರಮಸಂಖ್ಯೆ ಕೊಟ್ಟರು. ಹುಡುಕಲು ಇದು ಅನುಕೂಲ. ಆದರೆ ದಾನಗಳು ಕಾಲಕ್ರಮದಲ್ಲಿ ಹೇಗೆ ಏರಿಳಿದವು ಎಂದು ತಿಳಿಯಲು ದಿನಾಂಕದಂತೆ ಜೋಡಿಸಲೇಬೇಕು.

ತೊಡಕು ಇರುವುದು ಇಲ್ಲಿ. 1220 ವಿಕ್ರಮ ಸಂವತ್ಸರ. ಸಂವತ್ಸರದ ಹೆಸರು 60 ವರ್ಷಕ್ಕೊಮ್ಮೆ ಮರಳುವುದರಿಂದ 1160, 1280 ಕೂಡ ವಿಕ್ರಮವೇ. ಕಲ್ಲಿನಲ್ಲಿ ಶಕವರ್ಷ ಅಳಿಸಿಹೋಗಿದ್ದರೆ ಅರಸನ ಹೆಸರು ನೋಡೋಣ ಎನ್ನುವಿರಾ? 1160ರಲ್ಲಿ ಆಳುತ್ತಿದ್ದವನು ಒಂದನೆಯ ನರಸಿಂಹ, 1220ರಲ್ಲಿ ಪಟ್ಟಕ್ಕೆ ಬಂದವನು ಎರಡನೆಯ ನರಸಿಂಹ, 1280ರಲ್ಲಿ ಮೂರನೆಯ ನರಸಿಂಹ! ಲಿಪಿಯ ರೂಪ, ತಿಥಿ, ವಾರಗಳನ್ನು ತಾಳೆ ನೋಡದೆ ಬೇರೆ ದಾರಿಯಿಲ್ಲ.

ಕಂಪನಿಗಳ ಲೆಕ್ಕವನ್ನು ಕಾಲಶ್ರೇಣಿಯಾಗಿ ಇಡುವ ಗಣಕ ದತ್ತಸಂಚಯಗಳಿಗೂ ಇದೇ ಚಿಂತೆ. ‘2005ರ ಮಾರ್ಚ್ 31, ಮಾರಾಟ 100 ಕೋಟಿ’ ಎಂದಷ್ಟೇ ಬರೆದರೆ ಅದು ಮೂರು ತಿಂಗಳದೋ ಇಡೀ ವರ್ಷದ್ದೋ ತಿಳಿಯದು. ಆದ್ದರಿಂದ ಪ್ರತಿ ಅಂಕಿಯ ಜೊತೆ ಕಂಪನಿಯ ಗುರುತು, ಅವಧಿ ಮುಗಿದ ದಿನಾಂಕ, ಆವರ್ತನ ಈ ಮೂರೂ ಇರಬೇಕು. ಷೇರು ಬೆಲೆ ವಹಿವಾಟಿನ ದಿನದ್ದು. ಲಾಭ ನಷ್ಟ ತ್ರೈಮಾಸಿಕದ್ದು. ನಾಲ್ಕು ತ್ರೈಮಾಸಿಕಗಳಿಂದ ವರ್ಷದ ಲೆಕ್ಕ ಮಾಡುವಾಗ ಮಾರಾಟವನ್ನು ಕೂಡಬೇಕು. ಸಾಲವನ್ನು ಕೂಡಿದರೆ ತಪ್ಪು. ಕೊನೆಯ ದಿನದ ಬಾಕಿಯನ್ನೇ ತೆಗೆದುಕೊಳ್ಳಬೇಕು. ವರ್ಷದ ಮೊತ್ತದಿಂದ ಹಿಂದಕ್ಕೆ ಹೋಗಿ ತ್ರೈಮಾಸಿಕದ ನಿಜವಾದ ಅಂಕಿ ಪಡೆಯಲಂತೂ ಆಗದು.

‘ವರ್ಷ’ ಎಂಬ ಮಾತನ್ನೂ ಸುಮ್ಮನೆ ನಂಬುವಂತಿಲ್ಲ. ಹಿಂದೆ ಕೆಲವು ಸಂಸ್ಥೆಗಳ ಲೆಕ್ಕ ಡಿಸೆಂಬರಿಗೆ, ಕೆಲವರದು ದೀಪಾವಳಿಗೆ ಮುಗಿಯುತ್ತಿತ್ತು. ಆದಾಯ ತೆರಿಗೆಗಾಗಿ 1988–89ರಿಂದ ಎಲ್ಲರಿಗೂ ಮಾರ್ಚ್ 31 ಎಂದಾಯಿತು. ಆ ಬದಲಾವಣೆಯಲ್ಲಿ ಕೆಲವರ ‘ವರ್ಷ’ 12 ತಿಂಗಳಿಗಿಂತ ಉದ್ದವಾಯಿತು. ತಿಂಗಳುಗಳ ಸಂಖ್ಯೆ ದಾಖಲಾಗದಿದ್ದರೆ ಮಾರಾಟ ದಿಢೀರನೆ ಏರಿದಂತೆ ಕಾಣುತ್ತದೆ.

ಇನ್ನು ಖಾಲಿ ಜಾಗ. ಅಂಕಿ ಸಿಗದ ಕಡೆ ಸೊನ್ನೆ ಬರೆಯಕೂಡದು. ಒಂದು ದಶಕದ ಶಾಸನ ಸಿಗದಿದ್ದರೆ ದಾನವೇ ನಡೆಯಲಿಲ್ಲ ಎನ್ನಲಾದೀತೆ? ಕಲ್ಲು ಒಡೆದಿರಬಹುದು, ಯಾವುದೋ ಕಟ್ಟಡದ ಗೋಡೆಗೆ ಸೇರಿರಲೂಬಹುದು.