ಒಂದು ಕ್ರಿಯಾಪದ, ಮೂರು ಬೇರು

ಹಳೆಯ ಮೈಸೂರು ಸೀಮೆಗೂ ಫ್ರೆಂಚ್ ಭಾಷೆಗೂ ಇರುವ ನಂಟು ಬಹಳ ಹಿಂದಿನದು. 1799ರಲ್ಲಿ ಟಿಪ್ಪು ಸುಲ್ತಾನನು ಮಡಿದ ಬಳಿಕ ಶ್ರೀರಂಗಪಟ್ಟಣಕ್ಕೆ ಬಂದ ಪಾದ್ರಿ ಅಬ್ಬೆ ದ್ಯುಬುವಾ ಮೊದಲ್ಗೊಂಡು ಪ್ಯಾರಿಸ್ ಮಿಷನ್ನಿನವರು ಈ ಸೀಮೆಯಲ್ಲಿ ನೆಲೆಸಿ ಜನರ ಮಾತನ್ನು ಕಲಿತರು. ಅವರಲ್ಲೊಬ್ಬರಾದ ಬಿಷಪ್ ಶಾರ್ಬೊನೊ ಅವರ ಲ್ಯಾಟಿನ್-ಕನ್ನಡ ನಿಘಂಟು 1861ರಲ್ಲಿ ಬೆಂಗಳೂರಿನಲ್ಲಿ ಅಚ್ಚಾಯಿತು. 1882ರಲ್ಲಿ ಅದೇ ಮಿಷನ್ನಿನವರು ಸೇಂಟ್ ಜೋಸೆಫ್ ಕಾಲೇಜನ್ನು ಸ್ಥಾಪಿಸಿದರು. ಅಂದು ಫ್ರೆಂಚರು ಕನ್ನಡದ ಧಾತುಗಳನ್ನು ಬಾಯಿಪಾಠ ಮಾಡಿದರೆ, ಇಂದು ಪಿಯುಸಿಯಲ್ಲಿ ಫ್ರೆಂಚನ್ನು ಆಯ್ದುಕೊಂಡ ಬೆಂಗಳೂರಿನ ವಿಜಯನಗರ, ಕೆಂಗೇರಿಗಳ ವಿದ್ಯಾರ್ಥಿಗಳು ಫ್ರೆಂಚರ ಧಾತುಗಳನ್ನು ಬಾಯಿಪಾಠ ಮಾಡುತ್ತಾರೆ.

ಅವರಿಗೆ ಆರಂಭದಲ್ಲಿಯೇ ಎದುರಾಗುವ ‘ಅಲೆ’, ಎಂದರೆ ‘ಹೋಗು’, ಅನಿಯತ ಕ್ರಿಯಾಪದ. ಸಾಮಾನ್ಯ ನಿಯಮಕ್ಕೆ ಒಳಪಡದೆ ತನ್ನವೇ ರೂಪಗಳನ್ನು ತಾಳುವ ಪದಕ್ಕೆ ಈ ಹೆಸರು. ‘ನಾನು ಹೋಗುತ್ತೇನೆ’ ಎಂಬುದಕ್ಕೆ ‘ಝ ವೆ’, ‘ನಾವು ಹೋಗುತ್ತೇವೆ’ ಎಂಬುದಕ್ಕೆ ‘ನೂಜಲೋಂ’, ‘ನಾನು ಹೋಗುವೆನು’ ಎಂಬ ಭವಿಷ್ಯತ್ತಿಗೆ ‘ಝಿರೆ’. ಮೊದಲನೆಯದು ಲ್ಯಾಟಿನ್ನಿನ ‘ವಾದೆರೆ’ ಧಾತುವಿನಿಂದಲೂ ಮೂರನೆಯದು ‘ಈರೆ’ ಧಾತುವಿನಿಂದಲೂ ಬಂದವು. ನಡುವಣದರ ಮೂಲ ‘ನಡೆದಾಡು’ ಎಂಬರ್ಥದ ‘ಆಂಬುಲಾರೆ’ ಎಂದು ಅನೇಕ ವಿದ್ವಾಂಸರ ಮತ. ದಿನವೂ ನಾಲಿಗೆಯ ಮೇಲಿರುವ ಪದವನ್ನು ಮಗುವು ನಿಯಮ ತಿಳಿಯುವ ಮೊದಲೇ ಕೇಳಿ ಕಲಿಯುವುದರಿಂದ ಇಂಥ ಹಳೆಯ ರೂಪಗಳು ಅಳಿಯದೆ ಉಳಿಯುತ್ತವೆ.

ಕನ್ನಡದಲ್ಲಿಯೂ ಧಾತುವು ರೂಪ ಬದಲಿಸುವುದುಂಟು. ಧಾತುವಿಗೆ ಪುರುಷ, ವಚನಗಳ ಪ್ರತ್ಯಯ ಹತ್ತುವ ಬಗೆಯನ್ನು ಕನ್ನಡದ ವೈಯಾಕರಣರು ‘ಆಖ್ಯಾತ’ವೆಂದು ಕರೆದರು; ಹದಿಮೂರನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಅದಕ್ಕೊಂದು ಪ್ರಕರಣವನ್ನೇ ಮೀಸಲಿಟ್ಟನು. ‘ಬರು’ ಧಾತುವು ‘ಬಂದನು’, ‘ಬಾ’, ‘ಬಾರನು’ ಎಂದು ರೂಪ ಬದಲಿಸುವುದು ಒಂದೇ ಬೇರಿನ ಮಾರ್ಪಾಡು. ‘ಅಲೆ’ಯಲ್ಲಾದರೋ ಬೇರುಗಳೇ ಬೇರೆ. ಆದರೂ ‘ಬರು’ವನ್ನು ಬಲ್ಲವರಿಗೆ, ರೂಢಿಯ ಪದವೊಂದು ನಿಯಮವನ್ನು ಮೀರುವುದು ಹೊಸ ಸಂಗತಿಯಲ್ಲ.

ಇನ್ನೊಂದು ಹೋಲಿಕೆ ಇದಕ್ಕಿಂತ ನಿಕಟವಾದುದು. ಫ್ರೆಂಚಿನ ‘ತ್ಯು ವಾ’ ಎಂಬುದು ‘ನೀನು ಹೋಗುತ್ತೀಯೆ’, ‘ವೂಜಲೆ’ ಎಂಬುದು ‘ನೀವು ಹೋಗುತ್ತೀರಿ’. ಒಬ್ಬರೇ ಹಿರಿಯರನ್ನು ಬಹುವಚನದಿಂದ ಗೌರವಿಸುವ ಪದ್ಧತಿ ಎರಡು ಭಾಷೆಗಳಿಗೂ ಸಮಾನ. ಇಂಗ್ಲಿಷಿನ ಮೂಲಕ ಫ್ರೆಂಚನ್ನು ಕಲಿಸುವಾಗ ‘ಯೂ’ ಎಂಬ ಒಂದೇ ಪದ ಈ ಭೇದವನ್ನು ಮರೆಮಾಡುತ್ತದೆ. ಮನೆಯಲ್ಲಿ ತಾತನಿಗೆ ‘ಬನ್ನಿ’ ಎಂದೂ ತಮ್ಮನಿಗೆ ‘ಬಾ’ ಎಂದೂ ಹೇಳುವ ಮಗುವಿಗಾದರೋ ಆ ಪಾಠದ ಅರ್ಧ ಭಾಗ ಆಗಲೇ ಬಂದಿರುತ್ತದೆ.