ದೊರೆಗಳ ಮಕ್ಕಳು ಕಲಿತ ಶಾಲೆ

ಸಕಲೇಶಪುರದ ಬೆಟ್ಟಸೀಮೆಗೆ ಹಿಂದೆ ಮಂಜರಾಬಾದ್ ಎಂದು ಹೆಸರು. 1843ರಲ್ಲಿ ಫ್ರೆಡರಿಕ್ ಗ್ರೀನ್ ಎಂಬಾತ ಇಲ್ಲಿ ಕಾಫಿ ತೋಟ ಮಾಡತೊಡಗಿದನು. ಹತ್ತು ಹನ್ನೆರಡು ವರ್ಷಗಳ ಬಳಿಕ ಬಂದ ರಾಬರ್ಟ್ ಎಲಿಯಟ್ ತನ್ನ ಅನುಭವಗಳನ್ನು 1871ರಲ್ಲಿಯೂ 1894ರಲ್ಲಿಯೂ ಗ್ರಂಥಗಳಾಗಿ ಪ್ರಕಟಿಸಿದನು. ಈ ದೊರೆಗಳ ಮಾತು ಬಂದಾಗ ನಾವು ಕಾಫಿಯನ್ನೂ ಬೇಟೆಯನ್ನೂ ನೆನೆಯುತ್ತೇವೆ. ಅವರ ಮಕ್ಕಳ ಪಾಡೇನಾಯಿತೆಂದು ಕೇಳುವುದು ಅಪರೂಪ.

ಇಂಡಿಯಾದಲ್ಲಿದ್ದ ಆಂಗ್ಲರು ಮಕ್ಕಳನ್ನು ಐದಾರು ವರ್ಷಕ್ಕೇ ವಿದ್ಯಾಭ್ಯಾಸಕ್ಕೆಂದು ವಿಲಾಯತಿಗೆ ಕಳುಹಿಸುವುದು ವಾಡಿಕೆಯಾಗಿತ್ತು. ಇಲ್ಲಿಯ ಜ್ವರಗಳ ಭಯ ಒಂದು ಕಾರಣ; ಮಗುವಿನ ನಾಲಗೆಗೆ ದೇಶದ ಮಾತಿನ ಸೊಗಡು ಅಂಟೀತೆಂಬ ಅಂಜಿಕೆ ಮತ್ತೊಂದು. ಇಲ್ಲಿಯೇ ಉಳಿದ ಮಕ್ಕಳಿಗೆ 1858ರಲ್ಲಿ ನೀಲಗಿರಿಯ ಲಾರೆನ್ಸ್ ಶಾಲೆ, 1865ರಲ್ಲಿ ಬೆಂಗಳೂರಿನ ಬಿಷಪ್ ಕಾಟನ್ ಶಾಲೆ ಹುಟ್ಟಿಕೊಂಡವು. ಆದರೂ ಅನುಕೂಲಸ್ಥರ ಕಣ್ಣು ವಿಲಾಯತಿಯ ಮೇಲೆಯೇ.

ಅಲ್ಲಿ ಆ ಮಕ್ಕಳು ಪಟ್ಟ ಕಷ್ಟವನ್ನು ಕಿಪ್ಲಿಂಗನ ಬಾಲ್ಯದಿಂದ ಊಹಿಸಬಹುದು. 1865ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಅವನಿಗೆ ಆಯಾಳ ಮಾತೇ ಮನಸ್ಸಿನ ಮಾತಾಗಿತ್ತು. ತಂದೆತಾಯಿಯರ ಮುಂದೆ ಹೋಗುವಾಗ ಇಂಗ್ಲಿಷಿನಲ್ಲಿ ಮಾತನಾಡಬೇಕೆಂದು ಅವನಿಗೆ ಜ್ಞಾಪಿಸಬೇಕಾಗುತ್ತಿತ್ತು. 1871ರಲ್ಲಿ ಅವನನ್ನೂ ಪುಟ್ಟ ತಂಗಿಯನ್ನೂ ವಿಲಾಯತಿಯಲ್ಲಿ ಅಪರಿಚಿತರ ಮನೆಯಲ್ಲಿ ಬಿಟ್ಟು ಹೆತ್ತವರು ಹಿಂದಿರುಗಿದರು. ಆ ಮನೆಯ ನೋವನ್ನು ಅವನು ಕೊನೆಯವರೆಗೂ ಮರೆಯಲಿಲ್ಲ. ಹೊಸ ಶಾಲೆಗೆ ಒಗ್ಗಿಸುವುದೆಂದರೆ ಹಳೆಯದನ್ನು ಬೇರುಸಹಿತ ಕೀಳುವುದೆಂದೇ ಆ ಕಾಲದವರು ತಿಳಿದಿದ್ದರು.

ತೋಟದ ದೊರೆಯ ಮಗನಲ್ಲದಿದ್ದರೂ ಇದೇ ದಾರಿಯಲ್ಲಿ ನಡೆದ ಇನ್ನೊಬ್ಬರ ಕಥೆ ಬೇರೆಯಾಯಿತು. ಅವರು ಬಿ. ಎಲ್. ರೈಸ್. 1837ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ವಿಲಾಯತಿಯಲ್ಲಿ ಓದಿ, 1860ರಲ್ಲಿ ಹುಟ್ಟಿದೂರಿಗೇ ಉಪಾಧ್ಯಾಯರಾಗಿ ಮರಳಿದರು. ತಂದೆ ಲಂಡನ್ ಮಿಷನ್ನಿನ ಪಾದ್ರಿ. ಆ ಮನೆಗೆ ಕನ್ನಡವು ಆಳುಕಾಳುಗಳೊಡನೆ ಆಡಿ ಬಿಡುವ ಮಾತಾಗಿರದೆ ತಂದೆಯ ವೃತ್ತಿಯ ಭಾಷೆಯೇ ಆಗಿತ್ತು. ಮಗನನ್ನು ಕಡಲಾಚೆಗೆ ಕಳುಹಿಸಿದರೂ ಹಿಂದಿನ ಬಾಗಿಲು ಮುಚ್ಚಲಿಲ್ಲ.

ಆ ಬಾಗಿಲಿನಿಂದ ನಮಗೆ ಬಂದ ಲಾಭ ಎಷ್ಟು! 1868ರಲ್ಲಿ ಮೈಸೂರು ಸೀಮೆಯಲ್ಲಿ ಆರಂಭವಾದ ಹೋಬಳಿ ಶಾಲೆಗಳ ಯೋಜನೆ ರೈಸರದು. ಹಳ್ಳಿಯ ಮಗು ತನ್ನ ನುಡಿಯಲ್ಲೇ ಅಕ್ಷರ ಕಲಿಯಲೆಂಬುದು ಅದರ ಆಶಯ. 1902ರಲ್ಲಿ ಅವರು ಪ್ರಕಟಿಸಿದ ಹಾಸನ ಜಿಲ್ಲೆಯ ಶಾಸನ ಸಂಪುಟದಲ್ಲಿ ಮಂಜರಾಬಾದಿನ ಕಲ್ಲುಗಳೂ ಮಾತನಾಡಿದವು. ವಿಲಾಯತಿಯ ಶಾಲೆ ಅವರಿಗೆ ಇಂಗ್ಲಿಷು ಕೊಟ್ಟಿತು, ಕನ್ನಡವನ್ನು ಕಸಿಯಲಿಲ್ಲ.

ಈಗ ನಮ್ಮವರೇ ಮಕ್ಕಳನ್ನು ಕರೆದುಕೊಂಡು ವಿದೇಶಗಳಿಗೆ ಹೋಗುತ್ತಿದ್ದಾರೆ. ಹೊಸ ಶಾಲೆಯಲ್ಲಿ ಮಗು ಹಿಂದೆ ಬಿದ್ದೀತೆಂದು ಹೆದರಿ ಮನೆಯಲ್ಲಿಯೂ ಕನ್ನಡವನ್ನು ಬಿಡುವವರುಂಟು. ರೈಸರ ಬಾಳು ಈ ಹೆದರಿಕೆಗೆ ಉತ್ತರವಾಗಿದೆ. ಎರಡನೆಯ ನುಡಿ ಕಲಿಯಲು ಮೊದಲನೆಯದನ್ನು ಬಲಿಕೊಡಬೇಕಾಗಿಲ್ಲ.

ಇದೇ ಮಾತನ್ನು ನಮ್ಮ ಮನೆಬಾಗಿಲಿಗೂ ಅನ್ವಯಿಸಿಕೊಳ್ಳಬೇಕು. ಸಕಲೇಶಪುರ, ಆಲೂರುಗಳ ತೋಟಗಳಿಗೆ ಈಚೆಗೆ ಅಸ್ಸಾಮಿನಂಥ ದೂರದ ಕಡೆಗಳಿಂದ ಕೂಲಿಯವರು ಬರುತ್ತಿದ್ದಾರೆ. ಅವರ ಮಕ್ಕಳಿಗೆ ನಮ್ಮ ಕನ್ನಡ ಶಾಲೆಯೇ ಪರದೇಶ. ಅಲ್ಲಿ ಮೊದಲ ದಿನ ಬಾಯಿಕಟ್ಟಿ ಕುಳಿತ ಮಗುವನ್ನು ದಡ್ಡನೆಂದು ಹಿಂದಿನ ಬೆಂಚಿಗೆ ತಳ್ಳದೆ, ಅದರ ಮನೆಮಾತಿನ ನಾಲ್ಕು ಶಬ್ದಗಳನ್ನು ಉಪಾಧ್ಯಾಯರು ಕಲಿತರೆ, ಅದು ನಮ್ಮ ನಾಲ್ಕು ನೂರು ಶಬ್ದಗಳನ್ನು ಬೇಗನೆ ಕಲಿತೀತು.